ನರದ ಗುಳಿಗೆ ಹೊಸದಾಗಿ ಶುರುವಾದಾಗ: ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದದ ಕಡೆಯಿಂದ ನರರೋಗದ ಡಾಕ್ಟರಿಗೆ ತೋರಿಸಲು ಬಂದವರು ಚೀಟಿ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಡಾಕ್ಟರ ಮುಂದೆ ಬಾಯಿಗೆ ಬರದ ಪ್ರಶ್ನೆ ಗುಳಿಗೆ ಕೈಗೆ ಬಂದಾಗ ನೆನಪಾಗುತ್ತದೆ, ಅಷ್ಟೊತ್ತಿಗೆ ಊರಿನ ಬಸ್ಸಿಗೆ ಹೊತ್ತಾಗಿರುತ್ತದೆ. ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೆ. ಬೀದರ್, ಯಾದಗಿರಿಯಿಂದ ಪತ್ರದಲ್ಲಿ ಕೇಳಿದವರೂ ಇದ್ದಾರೆ. ಡೋಸ್ ಹೆಚ್ಚು ಕಡಿಮೆ ಮಾಡುವ ಮಾತು ಬಂದಲ್ಲೆಲ್ಲ, ಅದು ಚೀಟಿ ಬರೆದ ಡಾಕ್ಟರನ್ನು ಕೇಳಿಯೇ ಮಾಡುವ ಕೆಲಸ ಎಂದು ಓದಿಕೊಳ್ಳಿ.

## ಚೀಟಿ ಕೈಗೆ ಬಂದ ದಿನ

ನನಗ ಫಿಟ್ಸ್ ಇಲ್ಲ, ಅಂಗಾಲು ಉರೀತಾವ ಅಷ್ಟೇ. ಫಿಟ್ಸ್ ಗುಳಿಗಿ ಯಾಕ ಕೊಟ್ಟಾರ?

ಚೀಟಿ ತಪ್ಪಿಲ್ಲ. ಗ್ಯಾಬಪೆಂಟಿನ್ ಮೊದಲು ಬಂದದ್ದು ಫಿಟ್ಸ್‌ಗೇ. ಅದೇ ಜಾತಿಯ ಪ್ರೀಗ್ಯಾಬಲಿನ್ ಫಿಟ್ಸ್‌ಗೂ ನಡೆಯುತ್ತದೆ, ನರದ ಉರಿಗೂ ನಡೆಯುತ್ತದೆ. ಶುಗರ್‌ನಿಂದಲೋ ಸರ್ಪಸುತ್ತಿನಿಂದಲೋ ಕೆಟ್ಟ ನರ, ಮೇಲಿನ ರಬ್ಬರ್ ಸವೆದ ವೈರಿನ ಹಾಗೆ, ಕಾರಣವಿಲ್ಲದೆ ಕಿಡಿ ಹಾರಿಸುತ್ತಿರುತ್ತದೆ. ಈ ಗುಳಿಗೆಗಳು ಆ ಕಿಡಿಯನ್ನು ತಗ್ಗಿಸುತ್ತವೆ. ಅಮಿಟ್ರಿಪ್ಟಿಲಿನ್ ಎಂದು ಬರೆದಿದ್ದರೆ ಫೋನಿನಲ್ಲಿ ಹುಡುಕಿದಾಗ ಖಿನ್ನತೆಯ ಔಷಧ ಎಂದು ಬರುತ್ತದೆ. ನರದ ನೋವಿಗೆ ಅದನ್ನು ಸಾಮಾನ್ಯವಾಗಿ 10 ಮಿಲಿಗ್ರಾಂನಷ್ಟು ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. ನಿಮಗೆ ಹುಚ್ಚು ಹಿಡಿದಿದೆ ಅಂತ ಯಾರೂ ಬರೆದಿಲ್ಲ.

ಒಂದು ಮಾತು ಮಾತ್ರ ಡಾಕ್ಟರಿಗೆ ಕೇಳಿ: ಉರಿಗೆ ಕಾರಣ ಏನು? ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ಶುದ್ಧ ಸಸ್ಯಾಹಾರಿಗಳಲ್ಲಂತೂ ಇನ್ನೂ ಹೆಚ್ಚು. ಅದರಿಂದಲೂ ಕಾಲು ಜೋಮು ಹಿಡಿಯುತ್ತದೆ. ಬಿ12 ಕೊಟ್ಟರೆ ಹೋಗುವ ತ್ರಾಸಕ್ಕೆ ಉರಿ ಅಡಗಿಸುವ ಗುಳಿಗೆ ನುಂಗುತ್ತಾ ಕೂರುವುದು ಬೇಡ.

ಡಬ್ಬಿಯೊಳಗಿನ ಕಾಗದ ಓದಿ ಅಂಜಿಕಿ ಬಂತು. ಇಷ್ಟೆಲ್ಲ ಆಗ್ತದೇನು?

ಆಗುವುದಿಲ್ಲ. ಆ ಕಾಗದದಲ್ಲಿ ಪ್ರಯೋಗದ ಕಾಲದಲ್ಲೂ ಆಮೇಲೂ ಕಂಡದ್ದನ್ನೆಲ್ಲ ಬರೆಯುತ್ತಾರೆ. ಅಲ್ಲಿನ ಶಬ್ದಗಳಿಗೆ ಅಳತೆ ಇದೆ: 'ಬಹಳ ಸಾಮಾನ್ಯ' ಎಂದರೆ 10ರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು, 'ಸಾಮಾನ್ಯ' ಎಂದರೆ 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರ ತನಕ, 'ಅಪರೂಪ' ಎಂದರೆ ಸಾವಿರದಲ್ಲಿ ಒಬ್ಬರಿಗಿಂತಲೂ ಕಡಿಮೆ.

ಇನ್ನೊಂದು ಲೆಕ್ಕ ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ. ಪ್ರೀಗ್ಯಾಬಲಿನ್ ಪ್ರಯೋಗಗಳಲ್ಲಿ ಔಷಧ ತೆಗೆದುಕೊಂಡ 100 ಜನರಲ್ಲಿ 30 ಜನಕ್ಕೆ ತಲೆ ತಿರುಗಿತು. ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದ 100 ಜನರಲ್ಲೂ 8 ಜನಕ್ಕೆ ತಿರುಗಿತು! ಎರಡೂ ನಿಜವೇ. ತಲೆ ತಿರುಗುವುದು ಈ ಗುಳಿಗೆಯ ಖರೇ ಗುಣ. ಅದರಲ್ಲಿ ಒಂದು ಪಾಲು ಮಾತ್ರ ಬೇರೆ ಕಾರಣದ್ದು, ಇಲ್ಲವೇ ಅಂಜಿಕೆಯದ್ದು. ಕಾಗದವನ್ನು ಓದಿ. ಓದಿ, 'ಬಹಳ ಸಾಮಾನ್ಯ' ಎಂದಿರುವ ಸಾಲುಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ತಕ್ಷಣ ದವಾಖಾನೆಗೆ ಓಡಬೇಕಾದ ನಾಲ್ಕು ಲಕ್ಷಣ ನೆನಪಿಟ್ಟುಕೊಂಡು, ಮಡಚಿಡಿ. ಆ ನಾಲ್ಕನ್ನು ಕೆಳಗೆ ಬರೆದಿದ್ದೇನೆ.

ಎಷ್ಟ್ ದಿನಕ್ಕ ಗುಣ ಕಾಣ್ತದ?

ಡೋಸ್ ಹಂತಹಂತವಾಗಿ ಏರಿಸಬೇಕಾದದ್ದರಿಂದ ನಾಲ್ಕರಿಂದ ಆರು ವಾರ ಹಿಡಿಯಿರಿ. ತ್ರಾಸ ಮೊದಲ ದಿನವೇ ಬರುತ್ತದೆ, ಗುಣ ತಡವಾಗಿ ಬರುತ್ತದೆ. ನಡುವಿನ ಆ ಅಂತರದಲ್ಲೇ ಬಹಳ ಜನ ಗುಳಿಗೆ ಬಿಡುವುದು. ಗುಣ ಎಲ್ಲರಿಗೂ ಬರುತ್ತದೆ ಅಂತಲೂ ಇಲ್ಲ. ನರದ ನೋವಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹುಸಿ ಗುಳಿಗೆಯಿಂದ ಆಗುವಷ್ಟನ್ನು ಬಿಟ್ಟು, ಒಬ್ಬರ ನೋವು ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 8 ಜನ ಪ್ರೀಗ್ಯಾಬಲಿನ್ ತೆಗೆದುಕೊಳ್ಳಬೇಕು. ಅಮಿಟ್ರಿಪ್ಟಿಲಿನ್ ಗುಂಪಿನದಾದರೆ ಸುಮಾರು 4 ಜನ. ಹಾಗಂತ ಎಲ್ಲರಿಗೂ ಅದೇ ಲೇಸು ಅಲ್ಲ: ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ತಡೆಯುವುದು ಅದರಲ್ಲಿ ಹೆಚ್ಚು. ಪ್ರೋಸ್ಟೇಟ್ ತೊಂದರೆ ಇರುವ ಮುತ್ಯಾಗೆ ಡಾಕ್ಟರು ಅದನ್ನು ಬರೆಯದಿದ್ದರೆ ಕಾರಣ ಇದೇ ಇರುತ್ತದೆ.

## ಮೊದಲ ಎರಡು ವಾರ

ಗುಳಿಗಿ ತಗೊಂಡ ಮರದಿನಾನೇ ತೆಲಿ ತಿರುಗ್ಲಕತ್ತದ, ಝೋಲಿ ಹೊಡೀಲಕತ್ತದ. ಬಿಟ್ಟುಬಿಡ್ಲೇನು?

ಈ ಪ್ರಶ್ನೆಗೆ ನಮ್ಮ ಮನೆಯದೇ ಸಂಗತಿ ಹೇಳುತ್ತೇನೆ. ನಮ್ಮವ್ವಗೆ ಇಪ್ಪತ್ತು ವರ್ಷದ ಶುಗರ್. ರಾತ್ರಿ ಅಂಗಾಲಿನ ಉರಿ ತಾಳದೆ ಹಸಿ ಬಟ್ಟೆ ಸುತ್ತಿಕೊಂಡು, ಅದೂ ಸಾಲದಾದಾಗ ಎದ್ದು ಹೋಗಿ ತಣ್ಣನೆಯ ಶಹಾಬಾದ ಫರಶಿಯ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ರಾತ್ರಿಗೆ ಒಂದು 75 ಮಿಲಿಗ್ರಾಂ ಪ್ರೀಗ್ಯಾಬಲಿನ್ ಶುರುವಾಯಿತು. ನಾಲ್ಕನೇ ರಾತ್ರಿ ಮೂರು ಗಂಟೆಗೆ ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲಲ್ಲಿ ತೂಗಿ ಬಿದ್ದಳು. ಕೈಮುಂಗೈ ಊದಿತು, ಮುರಿಯಲಿಲ್ಲ. ಊರಿನವರಿಗೆಲ್ಲ ಹೇಳುವ ಮಾತನ್ನು ನನ್ನ ಅವ್ವನಿಗೆ ನಾನು ಹೇಳಿರಲಿಲ್ಲ: ಎಚ್ಚರಾದ ಕೂಡಲೇ ಏಳಬೇಡ, ಮಂಚದ ಅಂಚಿಗೆ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ಗೋಡೆ ಹಿಡಿದು ಏಳು.

ಡಾಕ್ಟರು ಗುಳಿಗೆ ನಿಲ್ಲಿಸಲಿಲ್ಲ. 50ಕ್ಕೆ ಇಳಿಸಿ, ಹತ್ತೂವರೆಗೆ ಬದಲು ರಾತ್ರಿ ಎಂಟಕ್ಕೆ ತೆಗೆದುಕೊಳ್ಳಲು ಹೇಳಿದರು. ಬಚ್ಚಲ ದಾರಿಗೆ ಸಣ್ಣ ದೀಪ ಹಾಕಿದೆವು. ಎರಡು ವಾರದಲ್ಲಿ ಚಕ್ಕರ್ ನಿಂತಿತು, ಆಮೇಲೆ 75ಕ್ಕೆ ಹೋದರು. ಮಂಪರು, ತಲೆ ತಿರುಗು ಬಹಳ ಜನರಲ್ಲಿ ಹೀಗೇ ಒಂದೆರಡು ವಾರದಲ್ಲಿ ಇಳಿಯುತ್ತವೆ. ಇಳಿಯದಿದ್ದರೆ, ಅಥವಾ ಒಮ್ಮೆ ಬಿದ್ದರೆ, ಮುಂದಿನ ತೋರಿಕೆಯ ತನಕ ಕಾಯದೆ ಫೋನ್ ಮಾಡಿ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿ ನಮ್ಮಲ್ಲಿ ಇದೆಯಲ್ಲ, ಈ ಗುಳಿಗೆ ಶುರುವಾದವರು ಮೊದಲ ಒಂದು ತಿಂಗಳು ಕೆಳಗೇ ಮಲಗಿರಿ. ಕಟಾಂಜನ ಇಲ್ಲದ ಮೆಟ್ಟಿಲು, ಕತ್ತಲು, ಮಂಪರು ಮೂರೂ ಒಂದಾಗಬಾರದು.

ಬೈಕ್, ಟ್ರ್ಯಾಕ್ಟರ್ ಹೊಡೀಬಹುದೇನ್ರಿ?

ಮೊದಲ ಎರಡು ವಾರ, ಮತ್ತೆ ಡೋಸ್ ಏರಿಸಿದಾಗಲೆಲ್ಲ ಕೆಲ ದಿನ, ಬೇಡ. ತೊಗರಿ ರಾಶಿ ಮಾಡುವ ಮಷೀನಿನ ಹತ್ತಿರ ನಿಲ್ಲುವುದೂ ಬೇಡ. ಫಿಟ್ಸ್‌ಗಾಗಿಯೇ ಗುಳಿಗೆ ತೆಗೆದುಕೊಳ್ಳುವವರದು ಬೇರೆ ಮಾತು, ಅಲ್ಲಿ ಅಡ್ಡಿ ಗುಳಿಗೆಯದಲ್ಲ, ರೋಗದ್ದು. ಡಾಕ್ಟರು ಹೂಂ ಅನ್ನುವ ತನಕ ಗಾಡಿ ಮುಟ್ಟಬೇಡಿ.

ನಮ್ಮ ಮನಿಯವರು ಸಂಜಿಕಿ ಸ್ವಲ್ಪ ಕುಡೀತಾರ. ನಡೀತದೇನು?

ನಡೆಯುವುದಿಲ್ಲ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಜೊತೆ ಮದ್ಯವೋ, ಟ್ರಮಡಾಲ್‌ನಂಥ ಗಟ್ಟಿ ನೋವಿನ ಗುಳಿಗೆಯೋ, ನಿದ್ದೆ ಗುಳಿಗೆಯೋ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ವಯಸ್ಸಾದವರು, ದಮ್ಮು ಇರುವವರಿಗೆ ಇದು ಇನ್ನೂ ಕೆಟ್ಟದ್ದು.

ಬ್ಯಾಸಗ್ಯಾಗ ಬೇರೆ ಎಚ್ಚರ ಏನರ ಬೇಕಾ?

ಬೇಕು. ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ತಂಪು ದೇಶಗಳ ಲೆಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ ಸಾಲು, ಏಪ್ರಿಲ್ ಮೇಯಲ್ಲಿ 43-44 ಡಿಗ್ರಿ ಕಾಣುವ ನಮ್ಮ ಭಾಗದಲ್ಲಿ ದೊಡ್ಡದಾಗುತ್ತದೆ.

ಫಿಟ್ಸ್‌ಗೂ ಅರೆತಲೆ ನೋವಿಗೂ ಕೊಡುವ ಟೊಪಿರಮೇಟ್, ಅದರ ಜೊತೆಗಾರ ಝೋನಿಸಮೈಡ್, ಬೆವರು ಕಡಿಮೆ ಮಾಡಬಲ್ಲವು; ಮಕ್ಕಳಲ್ಲಿ ಇದು ಹೆಚ್ಚು ಕಂಡಿದೆ. ಬೆವರು ಬರದೆ ಮೈ ಬಿಸಿಯೇರಿ ಜ್ವರದ ಹಾಗೆ ಕಾಣುತ್ತದೆ. ಮನೆಯವರು ಪ್ಯಾರಾಸಿಟಮಾಲ್ ಕೊಡುತ್ತಾರೆ, ಅದರಿಂದ ಇಳಿಯುವುದಿಲ್ಲ. ಬಿಸಿಲಲ್ಲಿ ಆಡಿ ಬಂದ ಹುಡುಗನ ಮುಖ ಕೆಂಪಾಗಿ, ಅಂಗಿಯ ಬೆನ್ನು ಮಾತ್ರ ಒಣಗಿದ್ದರೆ, ಅದೇ ಗುರುತು. ನೆರಳಿಗೆ ತಂದು ತಣ್ಣೀರಿನಿಂದ ಮೈ ಒರೆಸಿ, ದವಾಖಾನೆಗೆ ಹೋಗಿ. ಟೊಪಿರಮೇಟ್‌ನಿಂದ ಕಿಡ್ನಿಯಲ್ಲಿ ಕಲ್ಲೂ ಆಗಬಹುದಾದ್ದರಿಂದ ನೀರು ಎರಡು ಕಾರಣಕ್ಕೆ ಬೇಕು.

ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಬೆವರು ತಡೆಯುತ್ತವೆ. ಪಾರ್ಕಿನ್ಸನ್ ರೋಗಕ್ಕೆ ಲೆವೊಡೋಪ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ಬಿಪಿ ಇಳಿಯುತ್ತದೆ, ಮೈಯಲ್ಲಿ ನೀರು ಕಡಿಮೆಯಾದರೆ ಇನ್ನೂ ಇಳಿಯುತ್ತದೆ. ಫಿಟ್ಸ್‌ಗೆ ಕೊಡುವ ಕಾರ್ಬಮಝೆಪಿನ್, ಆಕ್ಸ್‌ಕಾರ್ಬಝೆಪಿನ್‌ದು ಇನ್ನೊಂದು ಬಗೆ: ರಕ್ತದ ಸೋಡಿಯಂ ಇಳಿಸುತ್ತವೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಗುಳಿಗೆಯೂ ಇದ್ದರೆ ವಯಸ್ಸಾದವರಲ್ಲಿ ಇದು ಬೇಗ ಆಗುತ್ತದೆ. 'ಆಯಿ ಎರಡು ದಿನದಿಂದ ಏನೇನೋ ಮಾತಾಡ್ಲಕತ್ತಾಳ' ಎಂದು ಯಾರಾದರೂ ಬಂದರೆ ನಾನು ಮೊದಲು ಗುಳಿಗೆಯ ಹೆಸರು ಕೇಳುತ್ತೇನೆ, ಆಮೇಲೆ ಸೋಡಿಯಂ ನೋಡಿಸಲು ದವಾಖಾನೆಗೆ ಕಳಿಸುತ್ತೇನೆ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದೇ, ಆದರೆ ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಉಪ್ಪನ್ನು ತಾವೇ ಏರಿಸಿಕೊಳ್ಳಬಾರದು.

ಯಾವ ತ್ರಾಸ ಬಂದ್ರ ಕೂಡ್ಲೇ ಓಡಬೇಕು?

ಒಂದು, ಮೈಮೇಲೆ ಗುಳ್ಳೆ ಅಥವಾ ಕೆಂಪು ದದ್ದು, ಜೊತೆಗೆ ಜ್ವರ, ಬಾಯಿ ಕಣ್ಣಲ್ಲಿ ಹುಣ್ಣು. ಫಿಟ್ಸ್ ಗುಳಿಗೆಗಳಾದ ಕಾರ್ಬಮಝೆಪಿನ್, ಫೆನಿಟೋಯಿನ್, ಲ್ಯಾಮೊಟ್ರಿಜಿನ್ ಶುರುವಾದ ಮೊದಲ ಎರಡು ತಿಂಗಳಲ್ಲಿ ಇದರ ಭಯ ಹೆಚ್ಚು. ಅಪರೂಪ ನಿಜ, ಆದರೆ ಚರ್ಮವೇ ಸುಲಿದು ಜೀವಕ್ಕೆ ಬರುವಂಥದ್ದು. ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿ ದಿನ ಕಳೆಯಬೇಡಿ. ಮುಂದಿನ ಗುಳಿಗೆ ನುಂಗಿಸುವ ಮುಂಚೆ, ಅದೇ ದಿನ, ಡಾಕ್ಟರಿಗೆ ತೋರಿಸಿ.

ಎರಡು, ಮುಖ, ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟುವುದು. ಮೂರು, ಎಬ್ಬಿಸಿದರೂ ಏಳದಷ್ಟು ಮಂಪರು, ಅಥವಾ ಹಿಂದೆಂದೂ ಇಲ್ಲದಷ್ಟು ಫಿಟ್ಸ್. ನಾಲ್ಕು, ಬದುಕು ಬೇಡ ಎಂಬ ಮಾತು. ಫಿಟ್ಸ್ ಗುಂಪಿನ ಎಲ್ಲ ಗುಳಿಗೆಗಳ ಬಗ್ಗೆಯೂ ಈ ಎಚ್ಚರಿಕೆ 2008ರಿಂದ ಇದೆ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್ ಸಹಾಯವಾಣಿ, ದುಡ್ಡಿಲ್ಲ. ಮನುಷ್ಯನನ್ನು ಒಬ್ಬನೇ ಬಿಡಬೇಡಿ.

## ಬೇರೆ ರೋಗ, ಬೇರೆ ಗುಳಿಗೆ ಜೊತೆಗಿದ್ದಾಗ

ಕಾಲಿನ ಉರಿ ಇಳೀತು, ಆದ್ರ ಪಾದ ಬಾತಾವ. ಚಪ್ಪಲಿ ಹಿಡಿಯವಲ್ಲವು.

ಪ್ರೀಗ್ಯಾಬಲಿನ್ ಹೀಗೆ ಮಾಡುತ್ತದೆ. ಶುಗರ್‌ಗೆ ಪಿಯೋಗ್ಲಿಟಝೋನ್ ಕೂಡ ಇದೆಯೇ ನೋಡಿಕೊಳ್ಳಿ. ಆ ಗುಂಪಿನ ಗುಳಿಗೆ ಮಾತ್ರ ತೆಗೆದುಕೊಂಡವರಲ್ಲಿ 100ಕ್ಕೆ 3 ಜನ, ಪ್ರೀಗ್ಯಾಬಲಿನ್ ಮಾತ್ರ ತೆಗೆದುಕೊಂಡವರಲ್ಲಿ 8 ಜನ, ಎರಡೂ ಸೇರಿದಾಗ 19 ಜನರ ಕಾಲು ಬಾತಿದ್ದು ಪ್ರಯೋಗಗಳಲ್ಲಿ ಕಂಡಿದೆ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಸಹ ಪಾದ ಬಾಯಿಸುತ್ತದೆ. ಶುಗರ್, ಬಿಪಿ, ನರ ಮೂರಕ್ಕೂ ಬೇರೆ ಬೇರೆ ಡಾಕ್ಟರಿದ್ದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಲ್ಲ ಗುಳಿಗೆ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಹೋದಲ್ಲೆಲ್ಲ ಸುರಿದು ತೋರಿಸಿ.

ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಎರಡೂ ಹೊರಹೋಗುವುದು ಕಿಡ್ನಿಯ ದಾರಿಯಿಂದ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಬರುವ ಕ್ರಿಯಾಟಿನಿನ್ ಏರಿದ್ದರೆ ಡೋಸ್ ಇಳಿಸಲೇಬೇಕು. ಬಾವಿನ ಜೊತೆ ದಮ್ಮು ಬಂದರೆ ಅಂದೇ ತೋರಿಸಿ.

ಲೆವೆಟಿರಾಸಿಟಮ್ ಶುರುವಾದಾಗಿನಿಂದ ಮಗ ಸಿಟ್ಟಿನವನಾಗಿದ್ದಾನೆ. ಗುಳಿಗೆಯದೋ, ವಯಸ್ಸಿನದೋ?

ಬೀದರ್‌ನಿಂದ ಒಬ್ಬ ತಾಯಿ ಬರೆದು ಕೇಳಿದ್ದು. ಗುಳಿಗೆಯದಾಗಿರಬಹುದು. ಫಿಟ್ಸ್‌ಗೆ ಕೊಡುವ ಈ ಔಷಧದಿಂದ ಸಿಡಿಮಿಡಿ, ಅಳು, ಹೊಡೆದಾಟ ಬರುವುದು ಚೆನ್ನಾಗಿ ಗೊತ್ತಿರುವ ಸಂಗತಿ, ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ಸಿಟ್ಟು ಶುರುವಾದ ತಾರೀಖು ಮತ್ತು ಗುಳಿಗೆ ಶುರುವಾದ ತಾರೀಖು ಅಕ್ಕಪಕ್ಕ ಬರೆಯಿರಿ, ಶಾಲೆಯ ಮಾಸ್ತರನ್ನೂ ಕೇಳಿ. ಹುಡುಗನನ್ನು ಬೈದು ಹೊಡೆದು ಸರಿ ಮಾಡುವಂಥದ್ದಲ್ಲ ಇದು. ಡೋಸ್ ಇಳಿಸಿದರೆ ಅಥವಾ ಬೇರೆ ಗುಳಿಗೆಗೆ ಹೋದರೆ ಬಹಳ ಮಕ್ಕಳು ಮೊದಲಿನಂತೆ ಆಗುತ್ತಾರೆ.

ಮಗಳ ಮದುವಿ ಗೊತ್ತಾಗ್ಯಾದ. ವ್ಯಾಲ್‌ಪ್ರೋಯೇಟ್ ಗುಳಿಗಿ ನಡದದ. ಬೀಗರಿಗಿ ಗೊತ್ತಾಗಬಾರದು ಅಂತ ಬಿಡಿಸಬೇಕಂತೀವಿ.

ಬಿಡಿಸಬೇಡಿ. ಬದಲಿಸಲು ಇವತ್ತೇ ಡಾಕ್ಟರ ಹತ್ತಿರ ಹೋಗಿ. ಇವೆರಡೂ ಬೇರೆ ಬೇರೆ ಮಾತು. ಇದು ಫಿಟ್ಸ್ ತಡೆಯುವ ಗುಳಿಗೆ, ದಿಢೀರ್ ನಿಲ್ಲಿಸಿದರೆ ಅಕ್ಷತೆಯ ಹೊತ್ತಿಗೇ, ನಿದ್ದೆಗೆಟ್ಟ ರಾತ್ರಿಯ ಮರುದಿನ, ಫಿಟ್ಸ್ ಬರುವ ಸಂಭವ ಹೆಚ್ಚು. ಫಿಟ್ಸ್ ನಿಲ್ಲದೆ ಒಂದರ ಹಿಂದೊಂದು ಬಂದರೆ ಜೀವಕ್ಕೇ ಅಪಾಯ.

ಆದರೆ ಬಸಿರಿನಲ್ಲಿ ವ್ಯಾಲ್‌ಪ್ರೋಯೇಟ್ ನಡೆದರೆ 10ರಲ್ಲಿ ಸುಮಾರು ಒಂದು ಕೂಸಿಗೆ ಹುಟ್ಟಿನಿಂದಲೇ ಅಂಗದೋಷ ಇರುತ್ತದೆ, ಬೆನ್ನುಹುರಿಯ ದೋಷ ಅದರಲ್ಲೊಂದು. 10ರಲ್ಲಿ ಮೂರು ನಾಲ್ಕು ಮಕ್ಕಳಿಗೆ ಮಾತು, ಕಲಿಕೆ ಹಿಂದೆ ಬೀಳುತ್ತದೆ. ಬಸಿರು ಗೊತ್ತಾಗುವ ಹೊತ್ತಿಗೆ ಬೆನ್ನುಹುರಿ ರೂಪುಗೊಳ್ಳುವ ಕಾಲ ಮುಗಿಯುತ್ತಾ ಬಂದಿರುತ್ತದೆ, ಅದಕ್ಕೇ ಮದುವೆಗೆ ಮುಂಚೆಯೇ ಬದಲಾಗಬೇಕು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್ ಈ ವಿಷಯದಲ್ಲಿ ಎಷ್ಟೋ ಸುರಕ್ಷಿತ. ಬದಲಿಸಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಲ್ಯಾಮೊಟ್ರಿಜಿನ್ ಅವಸರದಿಂದ ಏರಿಸಿದರೆ ಮೇಲೆ ಹೇಳಿದ ಗುಳ್ಳೆಗಳ ಭಯ. ಫೋಲಿಕ್ ಆಮ್ಲವನ್ನೂ ಮೊದಲೇ ಶುರು ಮಾಡುತ್ತಾರೆ.

ಬೀಗರಿಗೆ ಹೇಳುವ ಮಾತು ನಿಮ್ಮ ಮನೆಯದು, ಆದರೂ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಗುಳಿಗೆ ಬಚ್ಚಿಟ್ಟುಕೊಂಡು ನುಂಗಬೇಕಾದ ಮನೆಯಲ್ಲಿ ಹುಡುಗಿ ನಾಲ್ಕು ದಿನಕ್ಕೊಮ್ಮೆ ಗುಳಿಗೆ ತಪ್ಪಿಸುತ್ತಾಳೆ. ತಪ್ಪಿದ ಗುಳಿಗೆಯಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ, ಅದೂ ಕೆಟ್ಟ ರೀತಿಯಲ್ಲಿ.

ರೋಜಾ ಇದ್ದಾಗ ದಿನಕ್ಕ ಎರಡು ಸಲದ ಗುಳಿಗಿ ಹ್ಯಾಂಗ?

ಬಹಳ ಗುಳಿಗೆಗಳನ್ನು ಸೆಹ್ರಿಗೆ, ಇಫ್ತಾರ್‌ಗೆ ಹೊಂದಿಸಬಹುದು. ದಿನಕ್ಕೆ ಮೂರು ಸಲದ್ದಾದರೆ ನಿಧಾನವಾಗಿ ಬಿಡುಗಡೆಯಾಗುವ ರೂಪ ಇದೆಯೇ ಎಂದು ರಂಜಾನ್‌ಗೆ ಒಂದು ತಿಂಗಳು ಮುಂಚೆ ಕೇಳಿ. ಫಿಟ್ಸ್ ಇದ್ದವರಿಗೆ ಹಸಿವಿಗಿಂತ ನಿದ್ದೆಗೇಡು ದೊಡ್ಡ ಶತ್ರು, ಹಗಲಲ್ಲಾದರೂ ಆ ನಿದ್ದೆ ತುಂಬಿಸಿಕೊಳ್ಳಿ. ಶ್ರಾವಣದ ಉಪವಾಸಕ್ಕೂ ಇದೇ ಮಾತು.

## ಮುಂದುವರಿಸಬೇಕೋ, ಬದಲಿಸಬೇಕೋ

ಊರಾಗ ಗುಳಿಗಿ ಸಿಗಲಿಲ್ಲ, ವಾರ ಬಿಟ್ಟೀನಿ. ಈಗ ಮತ್ತ ಶುರು ಮಾಡ್ಲೇನು?

ಮೊದಲು ಫೋನ್ ಮಾಡಿ. ಪ್ರೀಗ್ಯಾಬಲಿನ್ ಒಮ್ಮೆಲೇ ನಿಂತರೆ ನಿದ್ದೆಗೇಡು, ಬೆವರು, ಓಕರಿಕೆ, ಚಡಪಡಿಕೆ ಬರುತ್ತವೆ. ಬಿಡುವುದಾದರೆ ಕನಿಷ್ಠ ಒಂದು ವಾರ ಇಳಿಸುತ್ತಾ ಬಿಡಬೇಕು. ಲ್ಯಾಮೊಟ್ರಿಜಿನ್ ಐದು ದಿನಕ್ಕಿಂತ ಹೆಚ್ಚು ಬಿಟ್ಟಿದ್ದರೆ ಹಳೆಯ ಡೋಸಿಗೆ ನೇರ ಹೋಗುವಂತಿಲ್ಲ, ಕೆಳಗಿನಿಂದಲೇ ಏರಬೇಕು. ತಪ್ಪಿದ ಗುಳಿಗೆಯ ಲೆಕ್ಕ ಚುಕ್ತಾ ಮಾಡಲು ಎರಡೆರಡು ನುಂಗಬೇಡಿ. ಹಳ್ಳಿಯವರು ಹತ್ತು ದಿನದ ಗುಳಿಗೆ ಕೈಯಲ್ಲಿ ಇರುವಾಗಲೇ ಮುಂದಿನದು ತರಿಸಿಕೊಳ್ಳಿ.

ಕಂಪನಿ ಬ್ಯಾರೆ ಬಂದದ, ಬಣ್ಣ ಬ್ಯಾರೆ ಅದ. ಅದೇನಾ ಇದು?

ದೊಡ್ಡಕ್ಷರದ ಹೆಸರು ಬಿಟ್ಟು ಅದರ ಕೆಳಗಿನ ಸಣ್ಣಕ್ಷರದ ಹೆಸರು, ಮಿಲಿಗ್ರಾಂ ನೋಡಿ. ನೋವಿನ ಗುಳಿಗೆ ಜನೌಷಧಿಯದಾದರೂ ತೊಂದರೆ ಇಲ್ಲ, ದುಡ್ಡು ಉಳಿಯುತ್ತದೆ. ಫೆನಿಟೋಯಿನ್, ಕಾರ್ಬಮಝೆಪಿನ್‌ನಂಥ ಫಿಟ್ಸ್ ಗುಳಿಗೆ ಮಾತ್ರ ಒಂದೇ ಕಂಪನಿಯದು ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಗುಣ ಹೆಚ್ಚೋ ತ್ರಾಸ ಹೆಚ್ಚೋ, ಲೆಕ್ಕ ಹ್ಯಾಂಗ ಹಾಕೋದು?

ಎಲ್ಲ ಗುಳಿಗೆಗೂ ಒಂದೇ ತಕ್ಕಡಿ ಇಲ್ಲ. ಫಿಟ್ಸ್ ಗುಳಿಗೆ ಜೀವ ಕಾಯುವುದು: ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ ಬಂದ ಒಂದೇ ಫಿಟ್ ಸಾಕು. ಅಲ್ಲಿ ಸ್ವಲ್ಪ ಮಂಪರು, ಎರಡು ಕಿಲೋ ತೂಕ ತಡೆದುಕೊಳ್ಳಬಹುದಾದ ಬೆಲೆ. ತಡೆಯದಾದರೆ ಬದಲಿಸಬೇಕೇ ಹೊರತು ಬಿಡುವಂತಿಲ್ಲ. ಅಂಗಾಲಿನ ಉರಿಯ ಗುಳಿಗೆ ಆರಾಮಕ್ಕಾಗಿ ಇರುವುದು. ಸರಿಯಾದ ಡೋಸಿನಲ್ಲಿ ಆರು ವಾರ ಕಳೆದರೂ ಆರಾಮ ಬರದಿದ್ದರೆ, ತ್ರಾಸ ಇಲ್ಲದಿದ್ದರೂ ಅದನ್ನು ನುಂಗುತ್ತಾ ಹೋಗಲು ಕಾರಣವಿಲ್ಲ. ವರ್ಷಗಟ್ಟಲೆ ಹಳೆಯ ಚೀಟಿ ತೋರಿಸಿ ಅದನ್ನೇ ಒಯ್ಯುವವರನ್ನು ನೋಡಿದಾಗ ಸಂಕಟವಾಗುತ್ತದೆ.

ತ್ರಾಸ ಯಾರಿಗೆ ಎನ್ನುವುದೂ ಮುಖ್ಯ. ಟೊಪಿರಮೇಟ್‌ನಿಂದ ಬೇಕಾದ ಶಬ್ದ ನಾಲಿಗೆಗೆ ಬರದೆ ತಡವರಿಸುವುದು ಹೊಲದ ಕೆಲಸದವನಿಗೆ ದೊಡ್ಡದಲ್ಲದಿರಬಹುದು, ಪಿಯುಸಿ ಪರೀಕ್ಷೆ ಬರೆಯುವ ಹುಡುಗಿಗೆ ವರ್ಷವೇ ಹೋಗುತ್ತದೆ. ವ್ಯಾಲ್‌ಪ್ರೋಯೇಟ್‌ನ ಕೈನಡುಕ ಟೇಲರ್‌ಗೆ ಹೊಟ್ಟೆಪಾಡಿನ ಪ್ರಶ್ನೆ. ಇದನ್ನು ನೀವು ಬಾಯಿಬಿಟ್ಟು ಹೇಳದೆ ಡಾಕ್ಟರಿಗೆ ತಿಳಿಯುವುದಿಲ್ಲ.

ಅವ್ವನಿಗೆ ನಾನು ಮಾಡಿದ್ದು ಇಷ್ಟು: ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ. ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಮೂರು ಮಾತು ಕೇಳಿ ಬರೆಯುತ್ತಿದ್ದೆ. ರಾತ್ರಿ ಉರಿಗೆ ಎಷ್ಟು ಸಲ ಎದ್ದೆ? ಹಸಿ ಬಟ್ಟೆ ಬೇಕಾಯಿತಾ? ಹಗಲು ರೊಟ್ಟಿ ಬಡಿಯಲು ಆಯಿತಾ? ಮೊದಲ ವಾರ: ಐದು ಸಲ, ಬೇಕಾಯಿತು, ಆಗಲಿಲ್ಲ. ಆರನೇ ವಾರ: ಒಂದು ಸಲ, ಬೇಡ, ಆಯಿತು. ಹಾಳೆಯ ಹಿಂದೆ ತ್ರಾಸಗಳು: ಒಮ್ಮೆ ಬಿದ್ದದ್ದು, ಮೂರು ಕಿಲೋ ತೂಕ. ಆ ಹಾಳೆಯನ್ನೇ ಡಾಕ್ಟರ ಮೇಜಿನ ಮೇಲೆ ಇಟ್ಟೆ. 'ಹೆಂಗದ?' ಎಂದು ಕೇಳಿದರೆ ಅವ್ವ ಯಾವಾಗಲೂ 'ಅದರಿ, ನಡದದ' ಎನ್ನುವವಳು. ಹಾಳೆ ಖರೇ ಹೇಳಿತು. ಗುಳಿಗೆ ಮುಂದುವರಿಯಿತು, ತೂಕಕ್ಕೆ ಸಂಜೆಯ ನಡಿಗೆ ಸೇರಿತು.

ಗುಳಿಗಿಯಿಂದ ತ್ರಾಸ ಆಯ್ತು ಅಂದ್ರ ಡಾಕ್ಟರನ್ನ ಬಿಟ್ಟು ಇನ್ಯಾರಿಗರ ತಿಳಿಸಬಹುದೇನು?

ತಿಳಿಸಬಹುದು, ತಿಳಿಸಲೇಬೇಕು. ಔಷಧಗಳ ಅಡ್ಡ ಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ ಯೋಜನೆ 2010ರಿಂದ ಇದೆ, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. 1800-180-3024ಕ್ಕೆ ಕೆಲಸದ ದಿನ ರೋಗಿಯೇ, ಮನೆಯವರೇ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಗುಳಿಗೆಯಿಂದಲೇ ಆಯಿತು ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲಿಲ್ಲ, ಅನುಮಾನ ಇದ್ದರೆ ಸಾಕು. ಗುಳಿಗೆ ಎಂದು ಶುರುವಾಯಿತು, ತ್ರಾಸ ಎಂದು ಕಂಡಿತು, ನಿಲ್ಲಿಸಿದ ಮೇಲೆ ಇಳಿಯಿತೇ, ಜೊತೆಗೆ ಬೇರೆ ಏನು ನಡೆದಿತ್ತು ಎಂದು ಕೇಳುತ್ತಾರೆ. ಖಾಲಿಯಾದ ಸ್ಟ್ರಿಪ್ ಎಸೆಯಬೇಡಿ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಬ್ಯಾಚ್ ನಂಬರ್ ಇಲ್ಲದಿದ್ದರೆ, ಕೊಡುವಾಗಲೇ ಅದನ್ನು ಬಿಲ್ಲಿನ ಮೇಲೆ ಬರೆದುಕೊಡಲು ನಮ್ಮಂಥ ಅಂಗಡಿಯವರಿಗೆ ಹೇಳಿ.